ಶ್ರೀ ಫ. ಗು. ಹಳಕಟ್ಟಿಯವರ ಚರಿತ್ರೆಯೂ ಪ್ರಜಾಡಳಿತದ ಧರ್ಮವೂ

ವಿಜಾಪುರದ ನೆಲವು ಕಂಡಷ್ಟು ಪ್ರಭುತ್ವಗಳನ್ನು ಕನ್ನಡ ನಾಡಿನ ಬೇರೆ ಸೀಮೆಗಳು ಕಂಡಿರುವುದು ವಿರಳ. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಸೇವುಣರು ಇಲ್ಲಿ ಆಳಿದರು. 1490ರಿಂದ 1686ರ ವರೆಗೆ ಆದಿಲಶಾಹಿ ಅರಸರ ರಾಜಧಾನಿಯಾಗಿ ಈ ಪಟ್ಟಣವು ಮೆರೆಯಿತು. ಬಳಿಕ ಔರಂಗಜೇಬನ ಸೈನ್ಯ ಬಂದಿತು. ಅವನ ತರುವಾಯ ನಿಜಾಮನ ಅಧಿಕಾರ. 1760ರಲ್ಲಿ ಪೇಶವೆಯರ ಅಧಿಕಾರ. 1818ರಲ್ಲಿ ಪೇಶವೆಯರು ಬೀಳಲು ಈ ಸೀಮೆಯು ಸಾತಾರದ ಅರಸರ ಪಾಲಾಯಿತು. 1848ರಲ್ಲಿ ಆ ಸಂಸ್ಥಾನವು ಮುಂಬಯಿ ಇಲಾಖೆಯಲ್ಲಿ ಲೀನವಾದಾಗ ಆಂಗ್ಲರ ಕೈಗೆ ಸೇರಿತು. ಇಷ್ಟು ಸಿಂಹಾಸನಗಳು ಬದಲಾದರೂ ಜೈನಾಪುರ, ತಿಕೋಟಾ, ಬಬಲೇಶ್ವರದಂಥ ಊರುಗಳ ಒಕ್ಕಲಿಗನ ಬಾಳಿನಲ್ಲಿ ಒಂದು ಸಂಗತಿ ಮಾತ್ರ ಬದಲಾಗಲಿಲ್ಲ. ಕಂದಾಯವನ್ನು ಎಲ್ಲ ಪ್ರಭುಗಳೂ ಕೇಳಿದರು. ಆ ಹಣವನ್ನು ಹೇಗೆ ವೆಚ್ಚಮಾಡಬೇಕೆಂದು ಒಬ್ಬ ಪ್ರಭುವೂ ಅವನನ್ನು ಕೇಳಲಿಲ್ಲ. ಊರಲ್ಲಿ ಪಂಚರಿದ್ದರು ನಿಜ. ಆದರೆ ಅವರ ಮಾತು ಊರ ಅಗಸೆಯನ್ನು ದಾಟಿ ಅರಮನೆಯನ್ನು ಮುಟ್ಟುತ್ತಿರಲಿಲ್ಲ.

ಆದಿಲಶಾಹಿ ಅರಸರು ವಿಜಾಪುರಕ್ಕೆ ನೀರನ್ನು ತಂದರು. ತೊರವಿಯಿಂದ ಬಂದ ಸುರಂಗ ಕಾಲುವೆಯೂ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬವೂ ಅವರ ಕೀರ್ತಿಯನ್ನು ಇಂದಿಗೂ ಹೇಳುತ್ತವೆ. ಅದು ಅಲ್ಪ ಉಪಕಾರವಲ್ಲ. ಆದರೆ ಆ ನೀರು ಅರಸನ ಅನುಗ್ರಹವಾಗಿ ಬಂದಿತು; ಪ್ರಜೆಯ ಹಕ್ಕಾಗಿ ಬರಲಿಲ್ಲ. ಅರಸನು ಹೋದ ಮೇಲೆ ಕಾಲುವೆಯಲ್ಲಿ ಹೂಳು ತುಂಬಿದರೆ, ಅದನ್ನು ತೆಗೆಸುವ ಹೊಣೆ ತಮ್ಮದೆಂದು ತಿಳಿಯುವ ಸಭೆಯೊಂದು ಪಟ್ಟಣದಲ್ಲಿರಲಿಲ್ಲ. ಅನುಗ್ರಹದಿಂದ ನಡೆಯುವ ಆಡಳಿತಕ್ಕೂ ಹೊಣೆಯಿಂದ ನಡೆಯುವ ಆಡಳಿತಕ್ಕೂ ಇರುವ ಅಂತರವು ಇದೇ.

ಹಾಗಾದರೆ ಒಂದು ಆಡಳಿತವನ್ನು ರೂಪಿಸುವ ವಸ್ತು ಯಾವುದು? ಕಾಯಿದೆಯೇ, ಜನರ ಸಂಸ್ಕೃತಿಯೇ, ಅಥವಾ ಜನರು ತಾವಾಗಿ ಬಂದು ಕೆಲಸದಲ್ಲಿ ಭಾಗವಹಿಸುವುದೇ? ಪಂಡಿತರು ಈ ವಿಷಯವಾಗಿ ದೊಡ್ಡ ಗ್ರಂಥಗಳನ್ನು ಬರೆದಿದ್ದಾರೆ. ಆದರೆ ನಮ್ಮ ಜಿಲ್ಲೆಯಲ್ಲಿಯೇ ಬಾಳಿ, ಈ ಮೂರನ್ನೂ ತಮ್ಮ ಒಂದೇ ಜೀವನದಲ್ಲಿ ಕೂಡಿಸಲು ಶ್ರಮಿಸಿದ ಮಹನೀಯರೊಬ್ಬರಿರುವಾಗ ನಾವು ದೂರ ಹೋಗಬೇಕಾದ ಕಾರಣವಿಲ್ಲ. ವಚನ ವಾಙ್ಮಯವನ್ನು ಉದ್ಧರಿಸಿದವರೆಂದು ಭಕ್ತರೆಲ್ಲರೂ ಬಲ್ಲ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರೇ ಆ ಮಹನೀಯರು. ಅವರ ಗ್ರಂಥಸೇವೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಅವರ ಲೋಕಸೇವೆಯನ್ನು ಅದರ ಪಕ್ಕದಲ್ಲಿಟ್ಟು ನೋಡುವವರು ಕಡಿಮೆ. ಎರಡನ್ನೂ ಕೂಡಿಸಿ ನೋಡದೆ ಅವರ ಜೀವನದ ಅರ್ಥವು ಪೂರ್ಣವಾಗಿ ತಿಳಿಯದು.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಬರಹ ಮಾಡಿದವರು, ತಾಯಿ ದಾನಮ್ಮನವರು. ಅದೇ ತಿಂಗಳಲ್ಲಿ, ಹತ್ತು ದಿನಗಳ ತರುವಾಯ, ವಿಜಾಪುರದಲ್ಲಿ ಆಲೂರ ವೆಂಕಟರಾಯರು ಹುಟ್ಟಿದರು. ಧಾರವಾಡದಲ್ಲಿ ಹುಟ್ಟಿದವರು ವಿಜಾಪುರವನ್ನೂ ವಿಜಾಪುರದಲ್ಲಿ ಹುಟ್ಟಿದವರು ಧಾರವಾಡವನ್ನೂ ಕರ್ಮಭೂಮಿಯನ್ನಾಗಿ ಮಾಡಿಕೊಂಡುದು ದೈವಸಂಕಲ್ಪದಂತೆ ತೋರುತ್ತದೆ. ಒಬ್ಬರು ಹಂಚಿಹೋದ ಕನ್ನಡ ನಾಡನ್ನು ಒಂದುಗೂಡಿಸಲು ಹೊರಟರು. ಮತ್ತೊಬ್ಬರು ಹಂಚಿಹೋದ ಓಲೆಗರಿಗಳನ್ನು ಒಂದುಗೂಡಿಸಲು ಹೊರಟರು. ಇಬ್ಬರೂ 1964ರಲ್ಲಿಯೇ ದೇಹವನ್ನಿಳುಹಿದರು.

ಆ ಕಾಲದಲ್ಲಿ ಮುಂಬಯಿ ಇಲಾಖೆಯ ಕನ್ನಡಿಗರ ಸ್ಥಿತಿಯು ಶೋಚನೀಯವಾಗಿತ್ತು. ಆಳುವವರ ಭಾಷೆ ಇಂಗ್ಲಿಷು. ಕಚೇರಿಯ ನೌಕರವರ್ಗದಲ್ಲಿ ಮರಾಠಿಯ ಪ್ರಾಬಲ್ಯ. ಒಕ್ಕಲಿಗನು ತನ್ನ ಹೊಲದ ವಿಷಯವಾಗಿ ಬರೆದ ಕಾಗದವನ್ನು ತಾನೇ ಓದಲಾರದೆ, ಓದಬಲ್ಲವರ ಮನೆಯ ಕಟ್ಟೆಯ ಮೇಲೆ ಕೈಜೋಡಿಸಿ ಕುಳಿತುಕೊಳ್ಳಬೇಕಾಗಿತ್ತು. 1876ರಿಂದ 78ರ ವರೆಗಿನ ಮಹಾಕ್ಷಾಮವು ಈ ಜಿಲ್ಲೆಯ ಜನರ ಬೆನ್ನನ್ನು ಮುರಿದಿತ್ತು. ಡೋಣಿಯ ಎರೆಭೂಮಿಯು ಮಳೆ ಬಂದರೆ ಜೋಳದ ರಾಶಿಯನ್ನೇ ಕೊಡುತ್ತದೆ. ಮಳೆ ತಪ್ಪಿದರೆ ಕಣವು ಬರಿದಾಗಿ, ಸಾವಕಾರನ ಖಾತೆಯ ಪುಟ ತುಂಬುತ್ತದೆ. ಸಾಲದಲ್ಲಿ ಬಿದ್ದವನು ತನ್ನ ಊರಿನ ಚಾವಡಿಯಲ್ಲಿಯೂ ತಲೆಯೆತ್ತಿ ಮಾತನಾಡಲಾರನು. ಇಂಥವನಿಗೆ ಆಡಳಿತದಲ್ಲಿ ಭಾಗ ಕೊಟ್ಟೆವೆಂದು ಕಾಯಿದೆಯಲ್ಲಿ ಬರೆದ ಮಾತ್ರಕ್ಕೆ ಅವನು ಅದನ್ನು ತೆಗೆದುಕೊಳ್ಳಬಲ್ಲನೇ? ಓದು ಬೇಕು, ಋಣದಿಂದ ಬಿಡುಗಡೆ ಬೇಕು, ತಾನೂ ನಾಲ್ಕು ಜನರಲ್ಲಿ ಒಬ್ಬನೆಂಬ ಧೈರ್ಯ ಬೇಕು. ಹಳಕಟ್ಟಿಯವರ ಮುಂದಿನ ಕಾರ್ಯಗಳನ್ನೆಲ್ಲ ಈ ಮೂರು ಬೇಡಿಕೆಗಳಿಗೆ ಕೊಟ್ಟ ಉತ್ತರಗಳೆಂದು ತಿಳಿಯಬಹುದು.

ಉನ್ನತ ವಿದ್ಯೆಗಾಗಿ ಅವರು ಮುಂಬಯಿಗೆ ಹೋದರು. ಅಲ್ಲಿ 1901ರಲ್ಲಿ ಬಿ.ಎಸ್‌ಸಿ. ಪದವಿಯನ್ನೂ 1904ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ಗುಜರಾತಿ ಮತ್ತು ಮಹಾರಾಷ್ಟ್ರ ಬಂಧುಗಳು ತಮ್ಮ ನುಡಿಗಾಗಿ ಸಂಘ, ಪತ್ರಿಕೆ, ಗ್ರಂಥಮಾಲೆಗಳನ್ನು ಕಟ್ಟಿಕೊಂಡು ಮುಂದುವರಿದಿದ್ದುದನ್ನು ಆ ಮಹಾನಗರದಲ್ಲಿ ಅವರು ಕಣ್ಣಾರೆ ಕಂಡರು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿಯನ್ನು ಮಾಡಿ 1904ರಲ್ಲಿ ವಿಜಾಪುರಕ್ಕೆ ಬಂದು ನೆಲೆಸಿದರು. ಮುಂದೆ ಸರಕಾರಿ ವಕೀಲರೂ ಆದರು. ವಕೀಲಿಯಿಂದ ಧನಿಕರಾದವರು ಆ ಕಾಲದಲ್ಲಿ ಬಹಳ ಜನ. ಹಳಕಟ್ಟಿಯವರು ಆ ಗಳಿಕೆಯನ್ನು ಬೇರೆ ದಾರಿಯಲ್ಲಿ ಹರಿಯಬಿಟ್ಟರು.

ಮೊದಲನೆಯ ಉತ್ತರವು ವಿದ್ಯೆ. 1910ರಲ್ಲಿ ಅವರೂ ಅವರ ಸಹಕಾರಿಗಳೂ ಸೇರಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಇಂದು ಬಿ.ಎಲ್.ಡಿ.ಇ. ಸಂಸ್ಥೆಯೆಂದು ಪ್ರಸಿದ್ಧವಾಗಿದೆ. ಬಂಥನಾಳದ ಸಂಗನಬಸವ ಶಿವಯೋಗಿಗಳಂಥ ಪೂಜ್ಯರು ಮುಂದೆ ಆ ಸಂಸ್ಥೆಗೆ ಬಲವನ್ನಿತ್ತುದನ್ನು ಈ ಭಾಗದ ಭಕ್ತರು ಬಲ್ಲರು. ಹಳ್ಳಿಯ ಹುಡುಗನು ಪಟ್ಟಣಕ್ಕೆ ಬಂದು ಓದಬೇಕಾದರೆ ಶಾಲೆಯಂತೆಯೇ ಉಣ್ಣಲು ಅನ್ನವೂ ಮಲಗಲು ನೆರಳೂ ಬೇಕು. ಲಿಂಗಾಯತ ಸಮಾಜದಲ್ಲಿ ದಾಸೋಹವೆಂಬ ಸಂಸ್ಕಾರವು ಮೊದಲೇ ಇದ್ದುದರಿಂದ ಪ್ರಸಾದ ನಿಲಯಗಳನ್ನು ನಡೆಸುವ ಕೆಲಸವು ಜನರಿಗೆ ಹೊಸದಾಗಿ ತೋರಲಿಲ್ಲ. ಸುಗ್ಗಿಯ ಕಾಲದಲ್ಲಿ ಮಠಕ್ಕೆ ಜೋಳವನ್ನು ಕೊಡುತ್ತಿದ್ದ ಕೈಯೇ ವಿದ್ಯಾರ್ಥಿಯ ಬುತ್ತಿಗೂ ಕೊಟ್ಟಿತು. ಸಂಸ್ಕೃತಿಯು ಆಡಳಿತಕ್ಕೆ ನೆರವಾಗುವ ಬಗೆಯು ಇಂಥದು. ಹಳೆಯ ಸದಭ್ಯಾಸವೊಂದು ಹೊಸ ಕಾರ್ಯಕ್ಕೆ ತಾನಾಗಿ ಒದಗುತ್ತದೆ.

ಎರಡನೆಯ ಉತ್ತರವು ಸಹಕಾರ. 1904ರಲ್ಲಿ ಸರಕಾರವು ಸಹಕಾರ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಮೊದಲ ಸಂಘವನ್ನು ಕಟ್ಟಿ ನಾಡಿಗೆ ದಾರಿ ತೋರಿಸಿದರು. 1912ರಲ್ಲಿ ಹಳಕಟ್ಟಿಯವರ ಮುಂದಾಳುತನದಿಂದ ವಿಜಾಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟಿತು. ಒಕ್ಕಲಿಗರ ಮತ್ತು ನೇಕಾರರ ಸಹಕಾರ ಸಂಘಗಳಿಗಾಗಿಯೂ ಅವರು ದುಡಿದರು. ವಾಚಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಹಕಾರ ಸಂಘದಲ್ಲಿ ಹತ್ತು ಶೇರುಗಳಿದ್ದವನಿಗೂ ಒಂದೇ ಮತ, ಒಂದು ಶೇರಿದ್ದವನಿಗೂ ಒಂದೇ ಮತ. ಅಂದಿನ ಸರಕಾರದ ಚುನಾವಣೆಗಳಲ್ಲಿ ಆಸ್ತಿಯಿಲ್ಲದವನಿಗೆ ಮತವೇ ಇರಲಿಲ್ಲ. ಆದ್ದರಿಂದ ಬಡ ಒಕ್ಕಲಿಗನಾಗಲಿ, ಮಗ್ಗದ ಕುಣಿಯಿಂದೆದ್ದು ಬಂದ ನೇಕಾರನಾಗಲಿ ಸಿರಿವಂತನ ಸಮಕ್ಕೆ ಕುಳಿತು, ಕೈಯೆತ್ತಿ, ಲೆಕ್ಕಪತ್ರವನ್ನು ಕೇಳುವ ಹಕ್ಕನ್ನು ಮೊದಲು ಕಂಡುದು ಇಂಥ ಸಂಘಗಳಲ್ಲಿ. ಲೆಕ್ಕ ಕೇಳುವುದು ಅವಿನಯವಲ್ಲ, ಲೆಕ್ಕ ಕೊಡುವುದು ಅವಮಾನವಲ್ಲ ಎಂಬ ಪಾಠವನ್ನು ಪ್ರಜೆಗಳು ಕಲಿಯದೆ ಯಾವ ಪ್ರಜಾಡಳಿತವೂ ನಿಲ್ಲಲಾರದು. ಆ ಪಾಠಕ್ಕೆ ಸಹಕಾರ ಸಂಘವು ಕನ್ನಡ ಶಾಲೆಯ ಮೊದಲನೆಯ ಇಯತ್ತೆಯಂತಿತ್ತು.

ಮೂರನೆಯ ಉತ್ತರವು ವಚನ ಸಾಹಿತ್ಯ. ತರುಣರಾಗಿದ್ದಾಗ ರಬಕವಿಯಲ್ಲಿ ಅವರಿಗೆ ಓಲೆಗರಿಯ ಕಟ್ಟುಗಳ ದರ್ಶನವಾಯಿತು. ಮನೆಮನೆಗಳಲ್ಲಿ ಅರಿವೆಯಲ್ಲಿ ಸುತ್ತಿ, ಜಗಲಿಯ ಮೇಲಿಟ್ಟು, ಪತ್ರಿಪುಷ್ಪಗಳಿಂದ ಪೂಜಿಸುತ್ತಿದ್ದ ಆ ಗ್ರಂಥಗಳನ್ನು ಬಿಚ್ಚಿ ಓದುವವರು ಇರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಪ್ರತಿಗಳನ್ನು ಬೇಡಿ ತಂದು, ನಕಲು ಮಾಡಿ, ಪಾಠಗಳನ್ನು ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸಿದರು. ಮೊದಲು ಕೇಳಿದ ಮುದ್ರಣಾಲಯವು ಹಸ್ತಪ್ರತಿಯನ್ನು ಹಿಂದಿರುಗಿಸಿತು. ಅವರು ಎದೆಗುಂದಲಿಲ್ಲ. 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು.

ಈ ಗ್ರಂಥಕ್ಕೂ ರಾಜ್ಯಾಡಳಿತಕ್ಕೂ ಸಂಬಂಧವೇನೆಂದು ಕೆಲವರು ಕೇಳಬಹುದು. ಸಂಬಂಧವು ಗಾಢವಾಗಿದೆ. ಕಲ್ಯಾಣದ ಅನುಭವ ಮಂಟಪವು ತೆರಿಗೆಯನ್ನು ಗೊತ್ತುಮಾಡುವ ಶಾಸನ ಸಭೆಯಾಗಿರಲಿಲ್ಲ. ಅದು ಅನುಭಾವಿಗಳ ಗೋಷ್ಠಿ. ಅದನ್ನು ಇಂದಿನ ಲೋಕಸಭೆಯೊಡನೆ ಸರಿಯಾಗಿ ಎಣಿಸುವುದು ಅಭಿಮಾನದ ಮಾತೇ ಹೊರತು ವಿಚಾರದ ಮಾತಲ್ಲ. ಆದರೆ ಸಭೆಯೊಂದು ಯಾವ ಗುಣಗಳಿಂದ ಸಭೆಯಾಗುತ್ತದೆಯೋ ಆ ಗುಣಗಳೆಲ್ಲ ಅಲ್ಲಿ ಬೆಳೆದುವು. ಅಲ್ಲಿ ಅಲ್ಲಮಪ್ರಭುಗಳು ಪೀಠವನ್ನಲಂಕರಿಸಿದ್ದರು. ಮಡಿವಾಳ ಮಾಚಯ್ಯನವರೂ ಅಂಬಿಗರ ಚೌಡಯ್ಯನವರೂ ಡೋಹರ ಕಕ್ಕಯ್ಯನವರೂ ಆಯ್ದಕ್ಕಿ ಲಕ್ಕಮ್ಮನವರೂ ತಮ್ಮ ಕಾಯಕದ ನುಡಿಯಲ್ಲಿಯೇ ಪರತತ್ತ್ವವನ್ನು ಚರ್ಚಿಸಿದರು. ಹಿರಿಯ ಪದವಿಯಲ್ಲಿದ್ದ ಬಸವಣ್ಣನವರೂ ಅಲ್ಲಿ ಪ್ರಶ್ನೆಗೆ ಅತೀತರಾಗಿರಲಿಲ್ಲ. ಅಕ್ಕಮಹಾದೇವಿಯವರಂಥ ಶರಣೆಯೂ ಪರೀಕ್ಷೆಗೆ ಒಳಗಾಗಿ, ಉತ್ತರ ಕೊಟ್ಟು, ಗೌರವವನ್ನು ಪಡೆದರು. ಹುಟ್ಟನ್ನು ನೋಡದೆ ನುಡಿಯನ್ನು ತೂಗುವುದು, ಹಿರಿಯರನ್ನೂ ಪ್ರಶ್ನಿಸುವುದು, ನುಡಿದಂತೆ ನಡೆಯದವನ ಮಾತಿಗೆ ಬೆಲೆ ಕೊಡದಿರುವುದು, ಇವೇ ಆ ಗುಣಗಳು. ಯಾವ ಕಾಯಿದೆಯೂ ಇವನ್ನು ಹುಟ್ಟಿಸಲಾರದು. ಇವಿಲ್ಲದೆ ಯಾವ ಕಾಯಿದೆಯೂ ನಡೆಯಲಾರದು.

ಹಾಗೆಂದು ಸಂಸ್ಕೃತಿಯೊಂದೇ ಸಾಕೇ? ಕಲ್ಯಾಣದ ಕಥೆಯೇ ಸಾಲದೆಂದು ಹೇಳುತ್ತದೆ. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹಸಂಬಂಧವನ್ನು ಶರಣರ ಸಮುದಾಯವು ಒಪ್ಪಿತು. ಬಿಜ್ಜಳನ ಆಸ್ಥಾನವು ಒಪ್ಪಲಿಲ್ಲ. ದಂಡನೆಯ ಅಧಿಕಾರವು ಒಬ್ಬನೇ ಅರಸನ ಕೈಯಲ್ಲಿತ್ತು. ಅವನ ಆಜ್ಞೆಯನ್ನು ತಡೆಯುವ ಹಕ್ಕು ಸಭೆಗಿರಲಿಲ್ಲ. ಶರಣರು ಪ್ರಾಣವನ್ನು ತೆತ್ತರು. ಉಳಿದವರು ಓಲೆಗರಿಗಳನ್ನು ಹೊತ್ತು ದಿಕ್ಕುಪಾಲಾದರು. ಅಂದು 12ನೆಯ ಶತಮಾನದಲ್ಲಿ ಸಂಸ್ಕೃತಿಯಿದ್ದಿತು, ಜನರ ಭಾಗವಹಿಸುವಿಕೆಯೂ ಇದ್ದಿತು. ಅವನ್ನು ಕಾಯುವ ರಾಜ್ಯವ್ಯವಸ್ಥೆಯಿರಲಿಲ್ಲ. ಹಳಕಟ್ಟಿಯವರ ಕಾಲಕ್ಕೆ ಸ್ಥಿತಿಯು ತಲೆಕೆಳಗಾಗಿತ್ತು. ಆಂಗ್ಲರು ತಂದ ವ್ಯವಸ್ಥೆಯ ಬಾಗಿಲು ಸ್ವಲ್ಪ ತೆರೆಯುತ್ತಲಿತ್ತು. ಒಳಗೆ ಹೋಗಿ ಕುಳಿತುಕೊಳ್ಳುವ ಸಂಸ್ಕಾರವು ಜನರಲ್ಲಿ ಮರೆತುಹೋಗಿತ್ತು.

1919ರ ಕಾಯಿದೆಯಿಂದ ಪ್ರಾಂತಗಳಲ್ಲಿ ದ್ವಿಮುಖ ಸರಕಾರವು ಬಂದಿತು. ವಿದ್ಯೆ, ಆರೋಗ್ಯ, ಒಕ್ಕಲುತನ, ಸಹಕಾರ, ಸ್ಥಳೀಯ ಸಂಸ್ಥೆಗಳಂಥ ಇಲಾಖೆಗಳನ್ನು ಜನಪ್ರತಿನಿಧಿಗಳಿಗೆ ಹೊಣೆಯಾದ ಮಂತ್ರಿಗಳ ವಶಕ್ಕೆ ಕೊಟ್ಟರು. ಪೋಲೀಸು, ಭೂಕಂದಾಯ, ಬೊಕ್ಕಸ ಮುಂತಾದುವನ್ನು ಗವರ್ನರನ ಕೈಯಲ್ಲಿಯೇ ಇಟ್ಟುಕೊಂಡರು. ಶಾಲೆಯನ್ನು ತೆರೆಯುವ ಹೊಣೆ ಒಬ್ಬನದು, ಹಣದ ಚೀಲದ ಬಾಯಿ ಮತ್ತೊಬ್ಬನ ಕೈಯಲ್ಲಿ. ಈ ಸುಧಾರಣೆಯು ಅರೆಕೊರೆಯೆಂಬುದರಲ್ಲಿ ಸಂದೇಹವಿರಲಿಲ್ಲ. 1920ರಲ್ಲಿ ಮಹಾತ್ಮಾ ಗಾಂಧಿಯವರ ಮುಂದಾಳುತನದಲ್ಲಿ ಕಾಂಗ್ರೆಸ್ಸು ಅಸಹಕಾರವನ್ನು ಸಾರಿ ಆ ವರ್ಷದ ಚುನಾವಣೆಗಳನ್ನು ಬಹಿಷ್ಕರಿಸಿತು. ಹಳಕಟ್ಟಿಯವರು ಬೇರೆ ದಾರಿಯನ್ನು ಹಿಡಿದು ಮುಂಬಯಿಯ ಶಾಸನ ಸಭೆಯಲ್ಲಿ ಸದಸ್ಯರಾಗಿ ಕೆಲಸ ಮಾಡಿದರು. ಸರಕಾರವು ಅವರಿಗೆ ರಾವಬಹಾದ್ದೂರ ಬಿರುದನ್ನೂ ಕೊಟ್ಟಿತು.

ಇಲ್ಲಿ ಚರಿತ್ರಕಾರನು ಪಕ್ಷಪಾತವಿಲ್ಲದೆ ಬರೆಯಬೇಕು. ಪರರ ಆಳಿಕೆಯನ್ನು ಕಿತ್ತೊಗೆಯಲು ಸೆರೆಮನೆಗೆ ಹೋದವರ ತ್ಯಾಗವು ದೊಡ್ಡದು. ಅವರೆಲ್ಲರೂ ಇಂಥ ಸಭೆಗಳ ಒಳಗೇ ಕುಳಿತಿದ್ದರೆ ಸ್ವಾತಂತ್ರ್ಯವು ಬರುತ್ತಿರಲಿಲ್ಲ. ಆದರೆ ಸ್ವಾತಂತ್ರ್ಯವು ಬಂದ ಮರುದಿನ ಶಾಲೆಯನ್ನು, ಪುರಸಭೆಯನ್ನು, ಬ್ಯಾಂಕನ್ನು ನಡೆಸಬಲ್ಲವರು ಬೇಕಾಗಿತ್ತು. ಅವರನ್ನು ಒಂದು ದಿನದಲ್ಲಿ ತಯಾರಿಸಲು ಬಾರದು. ಹಳಕಟ್ಟಿಯವರು ಆ ಎರಡನೆಯ ಕೆಲಸವನ್ನು ಮಾಡಿದರು. ಬಿರುದು ಅವರನ್ನು ಧನಿಕರನ್ನಾಗಿ ಮಾಡಲಿಲ್ಲ. ಸರಕಾರಿ ವಕೀಲಿಯು ಅವರನ್ನು ಜನರಿಂದ ದೂರ ಮಾಡಲಿಲ್ಲ. ಒಂದೇ ಗುಡಿಯನ್ನು ಕಟ್ಟುವಾಗ ಬಂಡೆಯನ್ನು ಒಡೆಯುವವನೂ ಬೇಕು, ಕಲ್ಲನ್ನು ಕಡೆದು ಕೂಡಿಸುವವನೂ ಬೇಕು.

1920ರ ಬಳಿಕ ಮುಂಬಯಿಯ ಶಾಸನ ಸಭೆಯಲ್ಲಿ ನಡೆದ ಕೆಲವು ಸಂಗತಿಗಳು ಈ ವಿಷಯಕ್ಕೆ ಬಹಳ ಉಪಯುಕ್ತವಾಗಿವೆ. 1921ರಲ್ಲಿ ಆ ಸಭೆಯು ಸ್ತ್ರೀಯರಿಗೆ ಮತವಿಲ್ಲವೆಂಬ ನಿರ್ಬಂಧವನ್ನು ತೆಗೆದುಹಾಕಿತು. 1923ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯಾಗಿ, ಶಾಲೆಗಳ ಆಡಳಿತವು ಸ್ಥಳೀಯ ಬೋರ್ಡು ಮತ್ತು ಪುರಸಭೆಗಳ ಕಡೆಗೆ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಶ್ರೀ ಎಸ್. ಕೆ. ಬೋಳೆಯವರು ತಂದ ಠರಾವು ಅಂಗೀಕೃತವಾಯಿತು. ಸರಕಾರದ ಹಣದಿಂದಾದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆ, ಕಚೇರಿಗಳನ್ನು ಅಸ್ಪೃಶ್ಯರೆಂದು ದೂರವಿಟ್ಟವರೂ ಉಪಯೋಗಿಸಲು ಅಡ್ಡಿಯಿರಬಾರದೆಂಬುದು ಅದರ ಸಾರ. ಠರಾವು ಆಯಿತು, ಆದರೆ ಬಾವಿಯ ಹಗ್ಗವು ಅವರ ಕೈಗೆ ಬಂದಿತೇ? ಕೊಲಾಬಾ ಜಿಲ್ಲೆಯ ಮಹಾಡದ ಪುರಸಭೆಯು 1924ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದೆವೆಂದು ನಿರ್ಣಯಿಸಿತು. ನಿರ್ಣಯವು ಕಾಗದದಲ್ಲಿಯೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಮುಟ್ಟಬೇಕಾಯಿತು. ಅದಕ್ಕಾಗಿ ಅವರು ಏಟುಗಳನ್ನು ತಿಂದರು. ವ್ಯಾಜ್ಯವು 1937ರ ವರೆಗೆ ಹೈಕೋರ್ಟಿನ ತನಕ ನಡೆದು ಅವರ ಪರವಾಗಿ ತೀರ್ಮಾನವಾಯಿತು.

ಶಾಸನ, ಜನರ ಸಂಸ್ಕೃತಿ, ಜನರ ಭಾಗವಹಿಸುವಿಕೆ ಇವುಗಳ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತವು ದೊರೆಯಲಾರದು. ಶಾಸನವು ಹಕ್ಕನ್ನು ಬರೆಯಿತು. ಊರಿನ ಸಂಸ್ಕಾರವು ಅದನ್ನು ತಡೆಯಿತು. ಜನರು ತಾವೇ ಹೆಜ್ಜೆಯಿಟ್ಟಾಗ ಬರೆದ ಹಕ್ಕಿಗೆ ಜೀವ ಬಂದಿತು. ಬೋಳೆಯವರ ಠರಾವೂ ವಚನಶಾಸ್ತ್ರಸಾರವೂ ಒಂದೇ ವರ್ಷ, 1923ರಲ್ಲಿ, ಲೋಕಕ್ಕೆ ಬಂದುದನ್ನು ವಿಚಾರವಂತರು ಮನನ ಮಾಡಬೇಕು. ಒಂದು ಬಾವಿಯ ಬಾಯಿಯನ್ನು ತೆರೆಯಲು ಬಂದಿತು. ಮತ್ತೊಂದು ಬಾವಿಯ ಕಟ್ಟೆಯ ಮೇಲೆ ನಿಂತವನ ಹೃದಯವನ್ನು ತೆರೆಯಲು ಬಂದಿತು. ಮಾದಾರ ಚೆನ್ನಯ್ಯನವರ ಹೆಸರನ್ನು ಪೂಜೆಯಲ್ಲಿ ನೆನೆದು, ಮನೆಯ ಮುಂದಿನ ಬಾವಿಯ ವಿಷಯದಲ್ಲಿ ಮರೆತವರು ನಮ್ಮ ಸಮಾಜದಲ್ಲಿಯೂ ಇಲ್ಲದಿರಲಿಲ್ಲ. ಓಲೆಗರಿಯನ್ನು ಬಿಚ್ಚದೆ ಪೂಜಿಸಿದುದರ ಫಲವದು.

ಹಳಕಟ್ಟಿಯವರು ಆಯುಷ್ಯದ ಉಳಿದ ಭಾಗದ ಬಹುಪಾಲನ್ನು ಈ ಎರಡನೆಯ ಬಗೆಯ ಬಾಗಿಲಿಗೆ ಅರ್ಪಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ಒಂದು ಪತ್ರಿಕೆ ಶರಣರ ಅನುಭಾವಕ್ಕೆ, ಇನ್ನೊಂದು ನಾಡಿನ ವಿಚಾರಕ್ಕೆ. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವು ಅವರಿಗೆ ಸಂದಿತು. ಬಳ್ಳಾರಿಯು ಅಂದು ಮದ್ರಾಸು ಇಲಾಖೆಯಲ್ಲಿತ್ತು, ವಿಜಾಪುರವು ಮುಂಬಯಿ ಇಲಾಖೆಯಲ್ಲಿ. ಸರಕಾರದ ಭೂಪಟದಲ್ಲಿ ಬೇರೆಯಾಗಿದ್ದ ಕನ್ನಡಿಗರು ಸಾಹಿತ್ಯದ ಚಪ್ಪರದಲ್ಲಿ ಒಂದಾಗಿ ಕುಳಿತರು. 30 ವರುಷಗಳ ತರುವಾಯ, 1956ರ ನವಂಬರ್ 1ರಂದು, ಭೂಪಟವೂ ಆ ಚಪ್ಪರವನ್ನು ಅನುಸರಿಸಿತು. ರಾಜ್ಯದ ಗಡಿಯನ್ನು ಸಂಸ್ಕೃತಿಯು ಮೊದಲು ಬರೆದು, ಕಾಯಿದೆಯು ಅದರ ಮೇಲೆ ಮಸಿಯನ್ನು ತಿದ್ದಿತೆಂದರೆ ಸಲ್ಲುವುದು.

ಅವರು ಶೂನ್ಯಸಂಪಾದನೆಯನ್ನೂ ಹರಿಹರ ಕವಿಯ ರಗಳೆಗಳನ್ನೂ ಪ್ರಕಟಿಸಿದರು. ಬೆರಳೆಣಿಕೆಯ ಶರಣರ ಹೆಸರುಗಳನ್ನಷ್ಟೇ ಬಲ್ಲ ಜನಕ್ಕೆ ಇನ್ನೂರಕ್ಕೂ ಮಿಕ್ಕಿದ ವಚನಕಾರರ ಪರಿಚಯವಾಯಿತು. ಅವರಲ್ಲಿ ಎಷ್ಟೋ ಮಂದಿ ಸಾಮಾನ್ಯ ಕಾಯಕದವರು, ಎಷ್ಟೋ ಮಂದಿ ಹೆಣ್ಣುಮಕ್ಕಳು. ತಮ್ಮ ಕುಲದ ಕಾಯಕವನ್ನೇ ಮಾಡಿದವನೊಬ್ಬನು ಏಳೆಂಟು ನೂರು ವರ್ಷಗಳ ಹಿಂದೆ ಸಭೆಯಲ್ಲಿ ನುಡಿದಿದ್ದನೆಂದು ಅರಿತ ಬಡವನಿಗೆ ಇಂದು ತಾನೂ ನುಡಿಯಬಹುದೆಂಬ ಧೈರ್ಯವು ಬರದೆ ಇದ್ದೀತೇ?

ಈ ಎಲ್ಲ ಕಾರ್ಯಕ್ಕೆ ಬೇಕಾದ ಹಣವು ಎಲ್ಲಿಂದ ಬಂದಿತು? ವಕೀಲಿಯ ಗಳಿಕೆಯು ಅಚ್ಚಿನ ಮೊಳೆಗಳಾಗಿ, ಕಾಗದದ ರೀಮುಗಳಾಗಿ ಹೋಯಿತು. ನೂರಾರು ಜನರಿಗೆ ಸಾಲ ಕೊಡುವ ಬ್ಯಾಂಕನ್ನು ಕಟ್ಟಿದವರು ತಾವು ಬಾಡಿಗೆಯ ಮನೆಯಲ್ಲಿ ಬಾಳಿದರು. ಹರಿದ ಕೋಟಿಗೆ ತೇಪೆ ಹಾಕಿಕೊಂಡು, ಸೈಕಲ್ಲಿನ ಮೇಲೆ ಪಟ್ಟಣದ ಬೀದಿಗಳಲ್ಲಿ ಓಡಾಡಿದರು. ಗೃಹಕೃತ್ಯದ ಭಾರವನ್ನು ಹೊತ್ತ ಧರ್ಮಪತ್ನಿ ಭಾಗೀರಥಿಬಾಯಿಯವರ ಪಾಲು ಈ ತಪಸ್ಸಿನಲ್ಲಿ ಅಲ್ಪವಲ್ಲ. ಸಾರ್ವಜನಿಕ ಹಣವನ್ನು ಮುಟ್ಟುವ ಕೈಯು ಎಷ್ಟು ಶುದ್ಧವಾಗಿರಬೇಕೆಂಬುದಕ್ಕೆ ಅವರ ತೇಪೆಯ ಕೋಟೇ ಸಾಕ್ಷಿ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವ ಧರ್ಮವು ಲೋಕಾಡಳಿತದಲ್ಲಿ ತಾಳುವ ರೂಪವು ಅದು. ಅರಸನ ಬೊಕ್ಕಸವನ್ನು ನೋಡಿಕೊಂಡ ಬಸವಣ್ಣನವರ ಮೇಲೆ ಬಂದ ಅಪವಾದವು ಲೆಕ್ಕದ ಮುಂದೆ ನಿಲ್ಲಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಅಧಿಕಾರದಲ್ಲಿರುವವನ ಮೊದಲನೆಯ ಪೂಜೆಯು ಅವನ ಲೆಕ್ಕದ ಪುಸ್ತಕವೇ.

ಒಂದು ಆಕ್ಷೇಪಕ್ಕೂ ಉತ್ತರ ಹೇಳುವುದು ಯುಕ್ತ. ಒಂದು ಸಮಾಜದ ಹೆಸರಿನಿಂದ ಸಂಸ್ಥೆಯನ್ನು ಕಟ್ಟುವುದು ಪ್ರಜಾಡಳಿತಕ್ಕೆ ಹಿತವೇ? ಹಿಂದುಳಿದ ಜನರು ಮೊದಲು ತಮ್ಮವರೊಡನೆ ಕೂಡಿ ನಿಲ್ಲಲು ಕಲಿಯುವುದು ಸಹಜ. ಆದರೆ ಅಂಥ ಸಂಘವು ಮೇಲಕ್ಕೇರುವ ಮೆಟ್ಟಿಲಾಗಬಹುದು, ನೆರೆಯವರನ್ನು ತಡೆಯುವ ಗೋಡೆಯೂ ಆಗಬಹುದು. ಚುನಾವಣೆಯ ದಿನ ಯೋಗ್ಯತೆಯನ್ನು ನೋಡದೆ ಕುಲವನ್ನೆಣಿಸಿ ಮತವನ್ನು ಹಾಕಿದರೆ ಅದು ಗೋಡೆಯಾಯಿತು. ಹಳಕಟ್ಟಿಯವರು ಸಮಾಜದ ಸಂಸ್ಥೆಯನ್ನು ಕಟ್ಟಿದರು. ಆದರೆ ತಮ್ಮ ಗ್ರಂಥಗಳನ್ನು ಕನ್ನಡ ಬಲ್ಲವರೆಲ್ಲರ ಮುಂದಿಟ್ಟರು. ಶರಣರನ್ನು ಒಂದು ಕುಲದ ಆಸ್ತಿಯೆಂದು ಬಗೆಯದೆ ನಾಡಿನ ಆಸ್ತಿಯನ್ನಾಗಿ ಮಾಡಿದರು. ಅವರ ಮಾರ್ಗದಲ್ಲಿ ಮೆಟ್ಟಿಲೇ ಇತ್ತು, ಗೋಡೆಯಿರಲಿಲ್ಲ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು. 1964ರ ಜೂನ್ ತಿಂಗಳಲ್ಲಿ, 84 ವರುಷ ತುಂಬುವ ಹೊತ್ತಿಗೆ, ಅವರು ಲಿಂಗೈಕ್ಯರಾದರು. ಅವರು ಬೆಳೆಸಿದ ವಿದ್ಯಾಸಂಸ್ಥೆಯು ಇಂದು ವೈದ್ಯಕೀಯ ಮತ್ತು ತಾಂತ್ರಿಕ ಕಾಲೇಜುಗಳನ್ನು ಹೊಂದಿ ದೊಡ್ಡ ಆಲದಂತೆ ಹಬ್ಬಿದೆ. ತಾಂತ್ರಿಕ ಕಾಲೇಜಿಗೆ ಅವರ ಹೆಸರೇ ಇದೆ. ಪಟ್ಟಣಕ್ಕೂ ಜಿಲ್ಲೆಗೂ 2014ರಿಂದ ವಿಜಯಪುರವೆಂಬ ಹೆಸರು ಸಲ್ಲುತ್ತಿದೆ.

ರಾಜ್ಯವ್ಯವಸ್ಥೆಯ ಬಾಗಿಲು ಹಳಕಟ್ಟಿಯವರ ಕಾಲದಲ್ಲಿ ಬೆರಳಷ್ಟು ತೆರೆದಿತ್ತು. ಇಂದು ಪೂರ್ತಿಯಾಗಿ ತೆರೆದಿದೆ. ಗಣರಾಜ್ಯದ ಸಂವಿಧಾನವು ಆಸ್ತಿಯನ್ನಾಗಲಿ ಅಕ್ಷರವನ್ನಾಗಲಿ ಕೇಳದೆ ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತವನ್ನು ಕೊಟ್ಟಿತು. 1993ರ ಕರ್ನಾಟಕ ಪಂಚಾಯತ ರಾಜ್ ಕಾಯಿದೆಯು ಗ್ರಾಮಸಭೆಗೆ ಸ್ಥಾನವನ್ನು ಕೊಟ್ಟಿತು. ಹೆಣ್ಣುಮಕ್ಕಳಿಗೆ ಪಂಚಾಯತಿಯ ಅರ್ಧದಷ್ಟು ಸ್ಥಾನಗಳು ಮೀಸಲಾಗಿವೆ. ತಿಕೋಟಾ, ಬಬಲೇಶ್ವರಗಳು ತಾಲೂಕಿನ ಸ್ಥಾನಗಳಾಗಿವೆ. ಕಚೇರಿಯ ಭಾಷೆಯು ಕನ್ನಡವಾಗಿದೆ. ಹಳಕಟ್ಟಿಯವರ ಕಾಲದ ಒಕ್ಕಲಿಗನು ಕನಸಿನಲ್ಲಿಯೂ ಕಾಣದಿದ್ದ ಹಕ್ಕುಗಳಿವು. ಆದರೆ ಗ್ರಾಮಸಭೆಯ ದಿನ ಚಾವಡಿಯ ಮುಂದೆ ಹಾಸಿದ ಜಮಖಾನೆಯ ಮೇಲೆ ಎಷ್ಟು ಮಂದಿ ಕುಳಿತಿರುತ್ತಾರೆ? ಮನೆಯ ಹೆಣ್ಣುಮಗಳು ಸದಸ್ಯೆಯಾಗಿ ಆರಿಸಿ ಬಂದರೆ ಸಭೆಯಲ್ಲಿ ಆಕೆಯೇ ನುಡಿಯುತ್ತಾಳೋ, ಆಕೆಯ ಹೆಸರಿನಲ್ಲಿ ಗಂಡಸರು ನುಡಿಯುತ್ತಾರೋ? ಮತ ಹಾಕಿ ಬಂದ ಮೇಲೆ ಐದು ವರ್ಷಗಳ ವರೆಗೆ ಲೆಕ್ಕ ಕೇಳದವನು ಹಳೆಯ ಅರಸನ ಪ್ರಜೆಗಿಂತ ಯಾವ ರೀತಿಯಲ್ಲಿ ಮೇಲಾದನು? ಅಂಥವನು ಅನುಗ್ರಹದ ಆಡಳಿತವನ್ನು ತಾನೇ ಮರಳಿ ಕರೆದಂತಾಯಿತು.

ಸದ್ಭಕ್ತರಾದ ವಾಚಕರು ಹಳಕಟ್ಟಿಯವರನ್ನು ನೆನೆಯುವ ಬಗೆಯನ್ನು ವಿಚಾರಿಸಬೇಕು. ಅವರ ಭಾವಚಿತ್ರಕ್ಕೆ ಮಾಲೆಯನ್ನು ಹಾಕಿ ಕೈಮುಗಿದರೆ, ಅವರು ಬಿಚ್ಚಿದ ಓಲೆಗರಿಯ ಕಟ್ಟನ್ನು ನಾವು ಮತ್ತೆ ಅರಿವೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟಂತೆ. ತಮ್ಮ ಊರಿನ ಶಾಲೆಯ, ಸಂಘದ, ಪಂಚಾಯತಿಯ ಸಭೆಗೆ ಗೃಹಸ್ಥನು ಪತ್ನಿಯೊಡನೆ ಹೋಗಿ ಕುಳಿತುಕೊಳ್ಳಲಿ. ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಬಡವನ ಮಾತನ್ನೂ ಕಿವಿಗೊಟ್ಟು ಕೇಳಲಿ. ತಾನು ಲೆಕ್ಕ ಕೇಳಲಿ. ತನ್ನ ಕೈಯಲ್ಲಿ ಅಧಿಕಾರವಿದ್ದರೆ ಲೆಕ್ಕ ಕೊಡಲಿ. ಇದು ರಾಜಕಾರಣವೆಂದು ಧರ್ಮಿಷ್ಠರು ದೂರ ಸರಿಯಬೇಕಾಗಿಲ್ಲ. ಸಭೆಯಲ್ಲಿ ಸತ್ಯವನ್ನು ನುಡಿಯುವುದೂ ಒಂದು ಕಾಯಕ. ಊರಿನ ಹೊಣೆಯನ್ನು ಹೊರುವುದೂ ಒಂದು ದಾಸೋಹ. ಈ ಅರಿವು ಮನೆಮನೆಯಲ್ಲಿ ಬೆಳೆದರೆ ಹಳಕಟ್ಟಿಯವರು ಬಾಡಿಗೆಯ ಮನೆಯಲ್ಲಿ ದೀಪದ ಮುಂದೆ ಕುಳಿತು ಸವೆಸಿದ ಆಯುಷ್ಯವು ಸಾರ್ಥಕವಾಗುವುದು.